ಬಾಗಲಕೋಟೆಯ ಓರೆ ಪದರ, ಬಾದಾಮಿಯ ಮಟ್ಟಸ ಪದರ

ಬಾಗಲಕೋಟೆಯಿಂದ ಬಾದಾಮಿಗೆ ಬಸ್ಸು ಹತ್ತಿದವರು ಕಿಟಕಿಯಾಚೆ ನೋಡಲು ಶುರು ಮಾಡುವುದು ಕೆಂಪು ಬಂಡೆಗಳು ಕಾಣಿಸಿದ ಮೇಲೆ. ಭೂವಿಜ್ಞಾನ ಓದಿದವರಿಗೆ ಅದಕ್ಕಿಂತ ಮೊದಲಿನ ನೆಲವೇ ಹೆಚ್ಚು ಕಾಡುತ್ತದೆ. ಬಾಗಲಕೋಟೆ, ಸೀಮಿಕೇರಿ, ಲೋಕಾಪುರದ ಸುತ್ತ ರಸ್ತೆಗಾಗಿ ಕಡಿದ ದಿಬ್ಬಗಳಲ್ಲಿ, ಸುಣ್ಣದ ಕಲ್ಲಿನ ಖಣಿಗಳಲ್ಲಿ ಪದರಗಳು ಓರೆಯಾಗಿ ನಿಂತಿವೆ. ಕೆಲವೆಡೆ ಹೆಚ್ಚುಕಡಿಮೆ ನೆಟ್ಟಗೇ ನಿಂತಿವೆ, ಕೆಲವೆಡೆ ಬಾಗಿ ಮಡಚಿಕೊಂಡಿವೆ. ಬಾದಾಮಿಯ ಗುಡ್ಡದಲ್ಲಿ ಪದರಗಳು ಹಾಸಿದಂತೆ ಮಟ್ಟಸವಾಗಿವೆ. ಎರಡಕ್ಕೂ ನಡುವೆ ಐವತ್ತು ಕಿಲೋಮೀಟರ್ ಕೂಡ ಇಲ್ಲ.

ಇಲ್ಲಿ ಬಗ್ಗಿಸಿದ ಬಲ ಅಲ್ಲಿ ಯಾಕೆ ಕೆಲಸ ಮಾಡಲಿಲ್ಲ? ಈ ಒಂದು ಪ್ರಶ್ನೆಯ ಸುತ್ತ ಪಿಎಚ್‌ಡಿ ಪ್ರಬಂಧಗಳೇ ಬರೆಯಲ್ಪಟ್ಟಿವೆ, ಇನ್ನೂ ಬರೆಯಲ್ಪಡುತ್ತಿವೆ. ‘ಪ್ರಾಚೀನ ಶಿಲೆಗಳ ಟೆಕ್ಟಾನಿಕ್ ಇತಿಹಾಸ’ (ನೆಲ ಸರಿದು, ಕುಸಿದು, ಮಡಚಿದ ಕಥೆ) ಎಂಬ ದೊಡ್ಡ ಮಾತು ಶೀರ್ಷಿಕೆಯಲ್ಲಿದ್ದರೂ ಒಳಗೆ ನಡೆಯುವ ಕೆಲಸ ಇಷ್ಟು: ಈ ನೆಲಕ್ಕೆ ಏನೇನಾಯಿತು, ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಕಲ್ಲಿನ ವಯಸ್ಸು ಎಷ್ಟು ಕೋಟಿ ವರ್ಷ ಎಂಬುದು ಪತ್ರಿಕೆಯ ತಲೆಬರಹಕ್ಕೆ ಒಳ್ಳೆಯದು. ಸಂಶೋಧಕರ ನಿದ್ದೆ ಕೆಡಿಸುವುದು ಘಟನೆಗಳ ಸರದಿ.

ಮೊದಲು ವಿಜಯಪುರ, ಬೆಳಗಾವಿ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳ ನೆಲ ಹೇಗಿದೆ ನೋಡೋಣ. ಉತ್ತರಕ್ಕೆ ವಿಜಯಪುರದ ಎರೆ ಭೂಮಿ. ಅದರ ಬುಡದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ, ಅಂದರೆ ದಖ್ಖನ್ ಬಸಾಲ್ಟ್. ಬೆಳಗಾವಿಯ ಪಶ್ಚಿಮಕ್ಕೂ ಅದೇ ಬಸಾಲ್ಟ್, ಮೇಲೆ ಜಂಬಿಟ್ಟಿಗೆಯ ಹೊದಿಕೆ. ದಕ್ಷಿಣಕ್ಕೆ ಬಂದರೆ ಲಾವಾ ತೆಳುವಾಗುತ್ತ ಮುಗಿದು ಅದರಡಿಯ ಹಳೆಯ ಕಲ್ಲು ಹೊರಬೀಳುತ್ತದೆ: ಗೋಕಾಕ, ಸವದತ್ತಿ, ರಾಮದುರ್ಗ, ಲೋಕಾಪುರ, ಬಾಗಲಕೋಟೆ, ಬಾದಾಮಿ, ಐಹೊಳೆ. ಇದಕ್ಕೆಲ್ಲ ಒಟ್ಟಾಗಿ ಕಲಾದಗಿ ಬೇಸಿನ್ ಎನ್ನುತ್ತಾರೆ. ಬೇಸಿನ್ ಎಂದರೆ ಮರಳು, ಕೆಸರು ತುಂಬಿ ಕಲ್ಲಾದ ಹಳೆಯ ತಗ್ಗು. ಸುಮಾರು ಎಂಟು ಸಾವಿರ ಚದರ ಕಿಲೋಮೀಟರ್ ಹರವು. ಇನ್ನೂ ದಕ್ಷಿಣಕ್ಕೆ, ಪೂರ್ವಕ್ಕೆ ಸರಿದರೆ ಹುನಗುಂದದ ಶಿಸ್ಟ್ ಪಟ್ಟಿ, ಇಳಕಲ್ಲಿನ ಗುಲಾಬಿ ಗ್ರಾನೈಟು, ನೈಸು. ಶಿಸ್ಟ್, ನೈಸು ಎಂದರೆ ಬಿಸಿ, ಒತ್ತಡಕ್ಕೆ ಸಿಕ್ಕು ರೂಪ ಬದಲಿಸಿದ ಕಲ್ಲುಗಳು. ಅವೆಲ್ಲ ಬೇಸಿನ್ನಿನ ತಳಪಾಯದ ಕಲ್ಲುಗಳು. ಧಾರವಾಡ ಕ್ರೇಟಾನ್ (ಖಂಡದ ಹಳೆಯ, ಗಟ್ಟಿಯಾದ ತುಂಡು) ಎಂದು ಕರೆಯುವ ಈ ತಳಪಾಯದ ಅತಿ ಹಳೆಯ ನೈಸುಗಳಿಗೆ 330 ಕೋಟಿ ವರ್ಷಗಳಾಗಿವೆ, ಗ್ರಾನೈಟುಗಳಿಗೆ 250 ಕೋಟಿಯ ಆಸುಪಾಸು.

ದಾಳಿಂಬೆಗೆ ಹೆಸರಾದ ಕಲಾದಗಿಗೆ ಈ ಭೂವೈಜ್ಞಾನಿಕ ಕೀರ್ತಿ ತಂದುಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಭಾರತದ ಶಿಲಾಯುಗದ ಕೊಡಲಿಗಳನ್ನು ಮೊದಲು ಗುರುತಿಸಿದ ಅದೇ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರಿಯಲ್ಲಿದ್ದ ಅವರು ಅಂದಿನ ದಕ್ಷಿಣ ಮರಾಠಾ ಸೀಮೆಯನ್ನು ಅಡ್ಡಾಡಿ ಬರೆದ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಆ ಕಾಲಕ್ಕೆ ಕಲಾದಗಿ ಜಿಲ್ಲಾ ಕೇಂದ್ರ. ಕಲ್ಲಿನ ಶ್ರೇಣಿಗೂ ಅದೇ ಹೆಸರಾಯಿತು. ಮುಂದೆ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋದರೂ ಕಲ್ಲಿನ ಹೆಸರು ಮಾತ್ರ ಕಲಾದಗಿಯಲ್ಲೇ ಉಳಿಯಿತು. ಆ ಶ್ರೇಣಿಯಲ್ಲಿ ಕೆಳಗಿನದು ಬೇರೆ, ಮೇಲಿನದು ಬೇರೆ ಎಂದು ಫೂಟ್ ಅಂದೇ ವಿಂಗಡಿಸಿದ್ದರು. ಈಗಿನ ಲೆಕ್ಕದಲ್ಲಿ ಕೆಳಗಿನದು ಬಾಗಲಕೋಟ ಗುಂಪು, ಮೇಲಿನದು ಬಾದಾಮಿ ಗುಂಪು. ನೂರೈವತ್ತು ವರ್ಷಗಳಲ್ಲಿ ಉಪವಿಭಾಗಗಳ ಹೆಸರು ಹಲವು ಸಲ ಬದಲಾಗಿವೆ, ಈ ಮೂಲ ವಿಂಗಡಣೆ ಅಲುಗಾಡಿಲ್ಲ. ಕುದುರೆ, ಎತ್ತಿನ ಗಾಡಿಯ ಕಾಲದಲ್ಲಿ ಇಷ್ಟು ಸರಿಯಾಗಿ ನೋಡಿದ್ದರಲ್ಲ ಎಂದು ಈಗಲೂ ಅಚ್ಚರಿಯಾಗುತ್ತದೆ.

ಇನ್ನು ಬಾಗಲಕೋಟ ಗುಂಪಿಗೆ ಬರೋಣ. ತಳದಲ್ಲಿ ಉರುಟು ಕಲ್ಲುಗಳು ಸೇರಿ ಗಟ್ಟಿಯಾದ ಕಾಂಗ್ಲೊಮರೇಟ್, ಅದರ ಮೇಲೆ ಮರಳು ಗಟ್ಟಿಯಾಗಿ ಆದ ಕ್ವಾರ್ಟ್‌ಜೈಟ್, ಆಮೇಲೆ ಕೆಸರಿನಿಂದಾದ ಜೇಡುಗಲ್ಲು, ಅದರ ಮೇಲೆ ಸುಣ್ಣದ ಕಲ್ಲು ಮತ್ತು ಅದರ ಜಾತಿಯದೇ ಆದ ಡಾಲಮೈಟ್. ಈ ಸರಣಿ ಒಮ್ಮೆ ಮುಗಿದು ಸ್ವಲ್ಪ ಬಿಡುವಾಗಿ ಮತ್ತೊಮ್ಮೆ ಮರಳಿನಿಂದ ಶುರುವಾಗುತ್ತದೆ. ಮೊದಲ ಸುತ್ತಿಗೆ ಲೋಕಾಪುರದ ಹೆಸರು, ಎರಡನೆಯದಕ್ಕೆ ಸೀಮಿಕೇರಿಯ ಹೆಸರು. ಬಾಗಲಕೋಟೆ, ಲೋಕಾಪುರ, ಮುದ್ದಾಪುರದ ಸಿಮೆಂಟ್ ಕಾರ್ಖಾನೆಗಳು ಬದುಕಿರುವುದು ಈ ಸುಣ್ಣದ ಕಲ್ಲಿನ ಮೇಲೆ. ಎಲ್ಲವನ್ನೂ ಸೇರಿಸಿದರೆ ದಪ್ಪ ನಾಲ್ಕು ಸಾವಿರ ಮೀಟರಿನ ಸುಮಾರಿಗೆ ಬರುತ್ತದೆ.

ನಾಲ್ಕು ಕಿಲೋಮೀಟರ್ ದಪ್ಪದ ಮರಳು, ಕೆಸರು, ಸುಣ್ಣ ತುಂಬಿದೆ ಎಂದಾಗ ಇಲ್ಲಿ ನಾಲ್ಕು ಕಿಲೋಮೀಟರ್ ಆಳದ ಕಡಲಿತ್ತು ಎಂದು ಯಾರಿಗಾದರೂ ಅನಿಸುತ್ತದೆ. ಕಲ್ಲನ್ನು ಹತ್ತಿರದಿಂದ ನೋಡಿದರೆ ಹಾಗಿಲ್ಲ. ಸವದತ್ತಿ ಕಡೆಯ ಕ್ವಾರ್ಟ್‌ಜೈಟ್ ಚಪ್ಪಡಿಯೊಂದರ ಮೇಲ್ಮೈಯನ್ನು ಇಳಿಬಿಸಿಲಿನಲ್ಲಿ ಅಡ್ಡದಿಂದ ನೋಡಿ: ಬೆರಳಗಲದ ಏರಿಳಿತಗಳು ಒಂದರ ಪಕ್ಕ ಒಂದು ಸಾಲಾಗಿ ಓಡುತ್ತವೆ. ಅವು ಅಲೆಯ ಗುರುತು, ತೆಳು ನೀರಿನ ತಳದ ಮರಳಿನಲ್ಲಿ ಮೂಡುವಂಥವು. ಜೇಡುಗಲ್ಲಿನಲ್ಲಿ ಕೆಸರು ಒಣಗಿ ಬಿರಿದ ಬಹುಭುಜಗಳು ಸಿಗುತ್ತವೆ. ನೀರು ಆಗಾಗ ಪೂರ್ತಿ ಬತ್ತುತ್ತಿತ್ತು ಎಂದರ್ಥ. ಡಾಲಮೈಟಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ, ಒಂದರ ಮೇಲೊಂದು ಗುಮ್ಮಟದಂಥ ತೆಳು ಪದರಗಳು. ಬಿಸಿಲು ಬೇಕಾದ ಸೂಕ್ಷ್ಮಜೀವಿಗಳ ಹಾಸುಗಳು ಸುಣ್ಣವನ್ನು ಹಿಡಿದಿಟ್ಟು ಬೆಳೆಸಿದ ರಚನೆಗಳು ಅವು. ಆಗ ಭೂಮಿಯ ಮೇಲೆ ಮರ, ಮೀನು, ಹುಳ ಯಾವುದೂ ಇರಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಕಣ್ಣಿಗೆ ಕಾಣುವ ಅತಿ ಹಳೆಯ ಜೀವದ ಕುರುಹುಗಳಲ್ಲಿ ಇವೂ ಸೇರುತ್ತವೆ.

ಬುಡದಿಂದ ತುದಿಯವರೆಗೆ ಬಹುತೇಕ ಎಲ್ಲವೂ ಆಳವಿಲ್ಲದ ನೀರಿನ ಕಲ್ಲು. ಆದರೂ ನಾಲ್ಕು ಕಿಲೋಮೀಟರ್ ದಪ್ಪ. ಇದು ಹೊಂದಬೇಕಾದರೆ ಒಂದೇ ದಾರಿ: ಮರಳು ತುಂಬುತ್ತ ಹೋದಂತೆ ತಳ ಕುಸಿಯುತ್ತ ಹೋಗಬೇಕು. ಟೆಕ್ಟಾನಿಕ್ ಇತಿಹಾಸ ಎನ್ನುವುದು ಇಲ್ಲಿಂದಲೇ ಶುರುವಾಗುತ್ತದೆ. ನೆಲ ಯಾಕೆ ಕುಸಿಯಿತು? ಗಟ್ಟಿಮುಟ್ಟಾದ ತಳಪಾಯವನ್ನು ಎರಡೂ ಕಡೆಯಿಂದ ಎಳೆದಾಗ ಅದು ಬಿರಿದು ತುಂಡುಗಳು ಕೆಳಗಿಳಿಯುತ್ತವೆ. ಹಳೆಯ ಬಿರುಕುಗಳಿದ್ದರೆ ಅವೇ ಮತ್ತೆ ಬಾಯಿಬಿಡುತ್ತವೆ. ಹೀಗಾಗಿದ್ದರೆ ಬೇಸಿನ್ ತುಂಬುವಾಗಲೇ ಭೂಕಂಪಗಳೂ ಆಗಿರಬೇಕು. ಲೋಕಾಪುರ ಉಪಗುಂಪಿನ ಕಲ್ಲುಗಳಲ್ಲಿ ಅದರ ಕುರುಹು ಇದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇನ್ನೂ ಗಟ್ಟಿಯಾಗದ ಕೆಸರು-ಮರಳಿನ ಪದರ ಅಲುಗಾಟಕ್ಕೆ ಸಿಕ್ಕು ಸುರುಳಿ ಸುತ್ತಿಕೊಂಡು, ಮೇಲಿನ ಕೆಳಗಿನ ಪದರಗಳು ಮಾತ್ರ ಏನೂ ಆಗದವರಂತೆ ನೇರವಾಗಿರುವ ಜಾಗಗಳವು. ಹಾಗೆ ಎರಡು ನೇರ ಪದರಗಳ ನಡುವೆ ಸಿಕ್ಕಿಕೊಂಡ ಒಂದು ಕದಡಿದ ಪದರ ಕಂಡರೆ, ಆ ಕದಡುವಿಕೆ ಕಲ್ಲು ಹುಟ್ಟುವ ಹೊತ್ತಿನದು, ಆಮೇಲಿನ ಮಡಿಕೆಗೆ ಸಂಬಂಧಿಸಿದ್ದಲ್ಲ. ಈ ವ್ಯತ್ಯಾಸ ಗುರುತಿಸುವುದರಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಈಗ ಓರೆ ಪದರಗಳ ವಿಷಯ. ಸಂಶೋಧನಾ ವಿದ್ಯಾರ್ಥಿ ಮೊದಲ ವರ್ಷಗಳಲ್ಲಿ ಮಾಡುವುದು ಹೆಚ್ಚಾಗಿ ಇದನ್ನೇ. 1:50,000 ಅಳತೆಯ ಟೊಪೊಶೀಟ್ ನಕ್ಷೆ, ದಿಕ್ಕು ಮತ್ತು ಓರೆ ಅಳೆಯುವ ಬ್ರಂಟನ್ ಕಂಪಾಸ್, ಸುತ್ತಿಗೆ, ಹತ್ತುಪಟ್ಟು ಹಿಗ್ಗಿಸುವ ಕೈಮಸೂರ, ಜಿಪಿಎಸ್. ಕಲ್ಲು ಕಂಡಲ್ಲೆಲ್ಲ ಪದರ ಯಾವ ದಿಕ್ಕಿಗೆ ಓಡುತ್ತದೆ, ಯಾವ ಕಡೆಗೆ ಎಷ್ಟು ಡಿಗ್ರಿ ವಾಲಿದೆ ಎಂದು ಅಳೆದು ಬರೆಯಬೇಕು. ಇವನ್ನು ಸ್ಟ್ರೈಕ್, ಡಿಪ್ ಎನ್ನುತ್ತಾರೆ. ಒಂದೊಂದು ಅಳತೆಗೆ ಅರ್ಥವೇನೂ ಇಲ್ಲ. ನೂರಾರು ಸೇರಿದ ಮೇಲೆ ಅವನ್ನೆಲ್ಲ ಒಂದು ವೃತ್ತದ ಜಾಲದ ಮೇಲೆ ಚುಕ್ಕಿಗಳಾಗಿ ಇಟ್ಟರೆ ಮಡಿಕೆಗಳ ಬೆನ್ನೆಲುಬು ಯಾವ ದಿಕ್ಕಿಗಿದೆ ಎಂಬುದು ಎದ್ದು ಕಾಣುತ್ತದೆ. ಬಾಗಲಕೋಟ ಗುಂಪಿನಲ್ಲಿ ಅದು ಸ್ಥೂಲವಾಗಿ ಪೂರ್ವ-ಪಶ್ಚಿಮ, ಸ್ವಲ್ಪ ವಾಯವ್ಯ-ಆಗ್ನೇಯದ ಕಡೆಗೆ ತಿರುಗಿದೆ. ಹಾಗಾದರೆ ಪದರಗಳು ಕುಗ್ಗಿದ್ದು ಅದಕ್ಕೆ ಅಡ್ಡಲಾಗಿ, ಉತ್ತರ-ದಕ್ಷಿಣವಾಗಿ.

ಇಲ್ಲೊಂದು ತೊಡಕಿದೆ. ನೆಟ್ಟಗೆ ನಿಂತ ಪದರದಲ್ಲಿ ಮೂಲತಃ ಮೇಲಿದ್ದ ಬದಿ ಯಾವುದು? ಅದು ಗೊತ್ತಾಗದೆ ಮಡಿಕೆ ಮೇಲ್ಮುಖವೋ ಕೆಳಮುಖವೋ ಹೇಳಲಾಗದು. ಮತ್ತೆ ಅಲೆಯ ಗುರುತು, ಜೊತೆಗೆ ಪದರದೊಳಗಿನ ಓರೆಗೆರೆಗಳು ಸಹಾಯಕ್ಕೆ ಬರುತ್ತವೆ. ಹರಿವ ನೀರು ಮರಳನ್ನು ಓರೆಯಾಗಿ ಜಾರಿಸಿ ಜೋಡಿಸುತ್ತದೆ. ಆಮೇಲೆ ಬಂದ ನೀರು ಅದರ ನೆತ್ತಿಯನ್ನು ಸವರಿ ಹೊಸ ಮರಳು ಹಾಕುತ್ತದೆ. ಓರೆಗೆರೆ ಬುಡದಲ್ಲಿ ನಯವಾಗಿ ಬಾಗಿ ಮುಗಿಯುತ್ತದೆ, ನೆತ್ತಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಕತ್ತರಿಸಿದ ಬದಿ ಮೇಲಿನದು. ಅಂಗೈ ಅಗಲದ ಜಾಗದಲ್ಲಿ ಕಾಣುವ ಈ ಒಂದು ಗುರುತು ಇಡೀ ಗುಡ್ಡದ ನಕ್ಷೆಯನ್ನು ತಿರುಗಿಸಿ ಹಾಕಬಲ್ಲದು.

ಮಡಿಕೆ ಇದೆ ಎಂದು ತೋರಿಸುವುದು ಅರ್ಧ ಕೆಲಸ. ಪದರಗಳನ್ನು ಯಾವ ಬಲ ಮಡಚಿತು ಎಂಬುದರಲ್ಲೇ ಜಗಳ. ಸರಳ ಉತ್ತರ: ಎರಡೂ ಕಡೆಯಿಂದ ಒತ್ತಡ ಬಂತು, ತಳಪಾಯ, ಅದರ ಮೇಲಿನ ಪದರ ಎರಡೂ ಸೇರಿ ಕುಗ್ಗಿದವು. ಹಾಗಾಗಿದ್ದರೆ ತಳದ ನೈಸು-ಗ್ರಾನೈಟುಗಳಲ್ಲೂ ಅದೇ ಮಡಿಕೆಯ ಗುರುತು, ಅದೇ ದಿಕ್ಕಿನ ಹೊಸ ಸೀಳುಗಳು ಕಾಣಬೇಕು. ಇನ್ನೊಂದು ಉತ್ತರಕ್ಕೆ, ಗಚ್ಚಿನ ನೆಲದ ಮೇಲೆ ಹಾಸಿದ ಜಮಖಾನವನ್ನು ಒಂದು ತುದಿಯಿಂದ ನೂಕಿ ನೋಡಿ. ಜಮಖಾನ ನೆರಿಗೆ ನೆರಿಗೆಯಾಗಿ ಏಳುತ್ತದೆ, ಗಚ್ಚಿಗೆ ಏನೂ ಆಗುವುದಿಲ್ಲ. ಎರಡರ ನಡುವೆ ಜಾರುವ ಮೈ ಇದೆ, ಅಷ್ಟೇ. ಕಲಾದಗಿಯಲ್ಲೂ ಹೀಗೇ ಆಯಿತು, ಮೇಲಿನ ಪದರಗಳು ತಮ್ಮದೇ ಭಾರಕ್ಕೆ ಇಳಿಜಾರಿನಲ್ಲಿ ಜಾರಿ ಮಡಚಿಕೊಂಡವು, ಜಾರಿದ್ದು ತಳಪಾಯ ಮತ್ತು ಪದರಗಳು ಸೇರುವ ಗೆರೆಯ ಮೇಲೆಯೇ ಎಂದು 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ವಾದಿಸಿತು.

ಈ ಎರಡು ವಾದಗಳಲ್ಲಿ ಯಾವುದು ಸರಿ ಎಂದು ಬಾಗಲಕೋಟೆಯ ಮಡಿಕೆಗಳನ್ನು ಎಷ್ಟು ನೋಡಿದರೂ ತೀರ್ಮಾನವಾಗದು. ಯಾಕೆಂದರೆ ಜಮಖಾನದ ನೆರಿಗೆ ಎರಡೂ ಸಂದರ್ಭದಲ್ಲಿ ಒಂದೇ ಥರ. ನೋಡಬೇಕಾದ್ದು ಅಂಚನ್ನು, ತಳಪಾಯವೂ ಮೇಲಿನ ಪದರವೂ ತಾಗುವ ಆ ಕೆಲವು ಮೀಟರುಗಳನ್ನು. ಅಲ್ಲಿನ ಜೇಡುಗಲ್ಲು ಉಜ್ಜಿ ಹಾಳೆಯಂತಾಗಿದೆಯೇ? ಮೇಲ್ಮೈಗಳಲ್ಲಿ ಜಾರಿದ ಗೀರುಗಳಿವೆಯೇ, ಅವು ಯಾವ ದಿಕ್ಕಿಗಿವೆ? ಬೆಣಚುಕಲ್ಲಿನ ಎಳೆಗಳು ಒಂದೇ ಕಡೆಗೆ ವಾಲಿವೆಯೇ? ಅಂಚಿನ ಕಲ್ಲಿನ ಮಾದರಿ ತಂದು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಗಾಜಿಗೆ ಅಂಟಿಸಿದರೆ ಬೆಳಕು ಕಲ್ಲಿನೊಳಗೆ ಹಾಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ತಿರುಗಿಸಿದಾಗ ಒತ್ತಡ ಕಾಣದ ಬೆಣಚಿನ ಕಣ ಒಮ್ಮೆಲೇ ಕಪ್ಪಾಗುತ್ತದೆ, ಒತ್ತಡಕ್ಕೆ ಸಿಕ್ಕಿದ್ದು ನೆರಳು ಹರಿದಂತೆ ಬದಿಯಿಂದ ಬದಿಗೆ ಕಪ್ಪಾಗುತ್ತದೆ. ಅಭ್ರಕದ ಚಿಕ್ಕ ಹಾಳೆಗಳು ಯಾವ ಕಡೆ ಮಲಗಿವೆ ಎಂಬುದರಿಂದ ಮೇಲಿನ ಭಾಗ ಯಾವ ಕಡೆಗೆ ಜಾರಿತು ಎಂದೂ ಹೇಳಬಹುದು. ನನ್ನ ಮಟ್ಟಿಗೆ ಪಿಎಚ್‌ಡಿಯ ನಿಜವಾದ ಕೆಲಸ ಇದೇ: ನೋಡಿದರೆ ಪ್ರಶ್ನೆ ಬಗೆಹರಿಯುವ ಜಾಗ ಯಾವುದು ಎಂದು ಕಂಡುಕೊಳ್ಳುವುದು. ಅಳತೆಗಳ ರಾಶಿ ಆಮೇಲಿನದು.

ಇಂಥ ಅಂಚುಗಳು ಸಿಗುವುದು ಸುಲಭವಿಲ್ಲ. ಬೇಸಾಯ ಮಾಡಿದ ಮಣ್ಣು, ಜಾಲಿಕಂಟಿ, ಖಣಿಯ ದೂಳು ಮುಚ್ಚಿರುತ್ತವೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ನುಂಗಿತು, ಘಟಪ್ರಭೆಯ ದಂಡೆಯ ಕಲ್ಲುಗಳನ್ನು ಬಿಟ್ಟೀತೇ? ಇನ್ನೊಂದೆಡೆ ಸಿಮೆಂಟ್ ಖಣಿಗಳು ಹಳಬರಿಗೆ ಸಿಗದ ಅಡ್ಡಸೀಳುಗಳನ್ನು ತೆರೆದು ತೋರಿಸುತ್ತವೆ. ಒಂದು ಮಡಿಕೆಯ ನೆತ್ತಿಯಿಂದ ಬುಡದವರೆಗೆ ಒಂದೇ ಗೋಡೆಯಲ್ಲಿ ನೋಡಬಹುದು. ಫೋಟೊ ತೆಗೆದು ಬಂದು ಮತ್ತೊಂದು ಬೇಸಿಗೆಗೆ ಹೋದರೆ ಆ ಗೋಡೆ ಸಿಮೆಂಟಿನ ಕ್ಲಿಂಕರ್ ಆಗಿ ಹೋಗಿರುತ್ತದೆ.

ಹೊಲದ ಬದುವಿನಲ್ಲಿ ಸುತ್ತಿಗೆ ಹಿಡಿದು ನಿಂತ ಸಂಶೋಧಕಿಗೆ ಬರುವ ಮೊದಲ ಪ್ರಶ್ನೆ ನಮ್ಮ ಕಡೆ ಎಲ್ಲೆಡೆ ಒಂದೇ. “ಏನ್ ಹುಡುಕಾಕತ್ತೀರಿ ಅಕ್ಕಾರ? ಬಂಗಾರ ಐತೇನು ಇಲ್ಲಿ?”

“ಇಲ್ಲ ಕಾಕಾ, ಈ ಕಲ್ಲು ಯಾಕ ಹಿಂಗ ಸೊಟ್ಟ ನಿಂತಾವ ಅಂತ ನೋಡಾಕತ್ತೇನಿ.”

“ಸೊಟ್ಟ ನಿಂತ್ರ ನಿಲ್ಲವಲ್ದ್ಯಾಕ. ನಮ್ಮ ಬೋರಿಗೆ ನೀರ ಯಾಕ ಬೀಳವಲ್ದು, ಅದನ್ನ ನೋಡ್ರಿ.”

ಎರಡೂ ಒಂದೇ ಪ್ರಶ್ನೆ ಎಂದು ಕಾಕಾಗೆ ಹೇಳಿದರೆ ನಂಬಲಿಕ್ಕಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನೀರು ಹಿಡಿಯುವ ಬಿರುಕುಬಿಟ್ಟ ಸುಣ್ಣದ ಕಲ್ಲಿನ ಪದರ 60 ಡಿಗ್ರಿ ವಾಲಿದೆ ಎಂದಿಟ್ಟುಕೊಳ್ಳಿ. ಒಬ್ಬರ ಹೊಲದಲ್ಲಿ ಅದು ನೆಲದ ಮೇಲೇ ಕಾಣುತ್ತದೆ. ವಾಲಿದ ದಿಕ್ಕಿಗೆ ಬರೀ 50 ಮೀಟರ್ ಆಚೆಯ ಹೊಲದಲ್ಲಿ ಅದೇ ಪದರ ಸಿಗಬೇಕಾದರೆ 85 ಮೀಟರಿಗಿಂತ ಆಳಕ್ಕೆ ಕೊರೆಯಬೇಕು. ಅಲ್ಲಿಯವರೆಗೆ ಬರುವುದು ಹೆಚ್ಚು ನೀರು ಬಿಡದ ಜೇಡುಗಲ್ಲೇ ಇರಬಹುದು. ಎದುರು ದಿಕ್ಕಿಗೆ 50 ಮೀಟರ್ ಹೋದವರಿಗೆ ಆ ಪದರ ಎಷ್ಟು ಕೊರೆದರೂ ಸಿಗುವುದಿಲ್ಲ. ಅಕ್ಕಪಕ್ಕದ ಇಬ್ಬರು ರೈತರಲ್ಲಿ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ದೂಳು ಬರುವುದಕ್ಕೆ ಮಡಿಕೆಯ ಪ್ರದೇಶದಲ್ಲಿ ಹಣೆಬರಹಕ್ಕಿಂತ ಡಿಪ್ ಹೆಚ್ಚು ಕಾರಣ. ವಿಶ್ವವಿದ್ಯಾಲಯದ ಕಪಾಟಿನಲ್ಲಿರುವ ಮಡಿಕೆಯ ನಕ್ಷೆ ಗ್ರಾಮ ಪಂಚಾಯಿತಿಗೆ ಯಾಕೆ ತಲುಪುವುದಿಲ್ಲ ಎಂಬುದು ನನಗೆ ಬಗೆಹರಿಯದ ಮಾತು.

ಬಾದಾಮಿಗೆ ಬರೋಣ. ಮೇಲಿನ ಗುಂಪಿನ ದಪ್ಪ ಕೆಲವು ನೂರು ಮೀಟರ್ ಮಾತ್ರ. ಕೆಳಗೆ ಕೆಂದೂರಿನ ಹೆಸರಿನ ಕಾಂಗ್ಲೊಮರೇಟ್, ಮೇಲೆ ಕೆಂಪು ಮರಳುಗಲ್ಲು, ಇನ್ನೂ ಮೇಲೆ ಜೇಡುಗಲ್ಲು, ಸುಣ್ಣದ ಕಲ್ಲು. ಗುಹಾದೇವಾಲಯಗಳನ್ನು ಕೊರೆದ ಮರಳುಗಲ್ಲಿಗೆ ಭೂವಿಜ್ಞಾನದ ಅಧಿಕೃತ ಹೆಸರೇ ‘ಕೇವ್ ಟೆಂಪಲ್ ಅರೆನೈಟ್’. ಚಾಲುಕ್ಯ ಮಂಗಲೇಶನ ಶಾಸನವಿರುವ, ಶಕ 500, ಅಂದರೆ ಕ್ರಿ.ಶ. 578ರ ಮೂರನೆಯ ಗುಹೆಗೆ ಹೋದಾಗ ವಿಷ್ಣುವಿನ ಶಿಲ್ಪ ನೋಡಿದ ಮೇಲೆ ಪಕ್ಕದ ಗೋಡೆಯನ್ನೂ ಒಮ್ಮೆ ನೋಡಿ. ಬಿಳಿ-ಕೆಂಪು ಗೆರೆಗಳು ಓರೆಯಾಗಿ ಬಂದು ಮೇಲೆ ಕತ್ತರಿಸಿ ನಿಲ್ಲುತ್ತವೆ. ಮೊದಲು ಹೇಳಿದ ಅದೇ ಓರೆಗೆರೆ, ಇಲ್ಲಿ ಬುಡ ಕೆಳಗೇ ಇದೆ, ನೆತ್ತಿ ಮೇಲೇ ಇದೆ. ಯಾರೂ ಮಗುಚಿಲ್ಲ.

ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಸುತ್ತ ನೆಟ್ಟಗೆ ನಿಂತ ಕೆಂಪು ಗೋಡೆಗಳನ್ನು ಕಂಡು ‘ಇಲ್ಲೂ ಕಲ್ಲು ನೆಟ್ಟಗೇ ಇದೆಯಲ್ಲ’ ಎನ್ನುವವರುಂಟು. ಆ ಲಂಬ ಮೈಗಳು ಪದರಗಳಲ್ಲ, ಬಿರುಕುಗಳು. ಗಟ್ಟಿ ಮರಳುಗಲ್ಲು ಮೇಲಿಂದ ಕೆಳಕ್ಕೆ ಸೀಳುತ್ತದೆ, ಸೀಳಿನಲ್ಲಿ ನೀರಿಳಿದು ಬಂಡೆ ಕಳಚಿ ಬೀಳುತ್ತದೆ, ಗೋಡೆ ಉಳಿಯುತ್ತದೆ. ಪದರ ನೋಡಬೇಕಾದರೆ ಗೋಡೆಯ ಮೇಲಿನ ಅಡ್ಡಗೆರೆಗಳನ್ನು ನೋಡಬೇಕು. ಅವು ಕೆಲವೇ ಡಿಗ್ರಿ ವಾಲಿವೆ. ಶಿಲ್ಪಿಗಳಿಗೆ ಇದೆಲ್ಲ ಚೆನ್ನಾಗಿ ತಿಳಿದಿತ್ತು ಎಂದೇ ನನ್ನ ಅನಿಸಿಕೆ. ಚಾವಣಿಗೆ ಮಟ್ಟಸ ಪದರ, ಮುಂಭಾಗಕ್ಕೆ ಲಂಬ ಸೀಳು, ಎರಡೂ ಒಂದೇ ಜಾಗದಲ್ಲಿ ಸಿಗುವುದು ಗುಹೆ ಕೊರೆಯುವವರಿಗೆ ವರವೇ.

ರಾಮದುರ್ಗದ ಸುತ್ತಮುತ್ತ ಈ ಎರಡು ಗುಂಪುಗಳು ಒಂದರ ಮೇಲೊಂದು ಸಿಗುತ್ತವೆ. ಕೆಳಗೆ ಓರೆ ಪದರಗಳು, ಅವುಗಳ ತಲೆ ಕತ್ತರಿಸಿದಂತೆ ಒಂದು ಗೆರೆ, ಅದರ ಮೇಲೆ ಮಟ್ಟಸ ಪದರಗಳು. ಆ ಗೆರೆಗೆ ಕೋನೀಯ ಅನ್‌ಕನ್ಫರ್ಮಿಟಿ ಎನ್ನುತ್ತಾರೆ. ಅಲ್ಲಿ ನಿಂತು ಸರದಿ ಹಾಕಬಹುದು. ಬಾಗಲಕೋಟ ಗುಂಪಿನ ಪದರಗಳು ಮಟ್ಟಸವಾಗಿ ಬಿದ್ದವು, ಹೂತು ಗಟ್ಟಿಯಾದವು. ಮಡಚಿದವು. ಮೇಲೆದ್ದು ಗಾಳಿ ಮಳೆಗೆ ಸವೆದು ಗುಡ್ಡಗಳ ನೆತ್ತಿ ಮಾಯವಾಯಿತು. ಆ ಸವೆದ ನೆಲದ ಮೇಲೆ ಹೊಸ ನದಿಗಳು ಮರಳು ಸುರಿದವು, ಬಾದಾಮಿ ಗುಂಪು ಹುಟ್ಟಿತು. ಅದಾದ ಮೇಲೆ ಇಲ್ಲಿ ಅಷ್ಟು ದೊಡ್ಡ ಮಡಚುವಿಕೆ ಆಗಲೇ ಇಲ್ಲ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ಬಾಗಲಕೋಟೆಯ ಕಲ್ಲನ್ನು ಬಗ್ಗಿಸಿದ ಬಲ ಕೆಲಸ ಮಾಡುವ ಹೊತ್ತಿಗೆ ಬಾದಾಮಿಯ ಕಲ್ಲು ಹುಟ್ಟಿಯೇ ಇರಲಿಲ್ಲ. ಬಾದಾಮಿ ಗುಂಪಿನ ಬುಡದ ಕಾಂಗ್ಲೊಮರೇಟಿನಲ್ಲಿ ಹಳೆಯ ಕ್ವಾರ್ಟ್‌ಜೈಟಿನ ಉರುಟು ಚೂರುಗಳು ಸಿಗುವುದೂ ಇದಕ್ಕೇ ಹೊಂದುತ್ತದೆ. ದಕ್ಷಿಣದ ಕಡೆ ಕೆಲವು ಜಾಗಗಳಲ್ಲಿ ಬಾದಾಮಿ ಮರಳುಗಲ್ಲು ನೇರವಾಗಿ ನೈಸಿನ ಮೇಲೇ ಕೂತಿದೆ. ನಡುವಿನ ನಾಲ್ಕು ಕಿಲೋಮೀಟರಿನ ಗುಂಪು ಅಲ್ಲಿ ಒಂದೋ ಬಿದ್ದೇ ಇರಲಿಲ್ಲ, ಇಲ್ಲವೇ ಪೂರ್ತಿ ಸವೆದುಹೋಗಿತ್ತು.

ಸರದಿ ಸಿಕ್ಕಿತು, ತಾರೀಕು ಬೇಡವೇ? ಬೇಕು, ಆದರೆ ಮರಳುಗಲ್ಲಿಗೆ ನೇರವಾಗಿ ವಯಸ್ಸು ಹಚ್ಚಲು ಬರುವುದಿಲ್ಲ. ಅದರೊಳಗಿನ ಪ್ರತಿ ಕಣವೂ ಬೇರೆಲ್ಲೋ ಹುಟ್ಟಿ ಹೊಳೆಯಲ್ಲಿ ಬಂದದ್ದು. ಹಾಗಾಗಿ ಎರಡು ಕಡೆಯಿಂದ ಸುತ್ತುವರಿಯುತ್ತಾರೆ.

ಒಂದು ದಾರಿ ಜಿರ್ಕಾನ್. ಗ್ರಾನೈಟಿನಲ್ಲಿ ಹುಟ್ಟುವ, ಸುಲಭಕ್ಕೆ ಸವೆಯದ ಪುಟ್ಟ ಹರಳು. ಹೆಚ್ಚಿನವು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಒಳಗಿರುವ ಸೀಸ ಬಹುಪಾಲು ಯುರೇನಿಯಂ ಕಾಲಕ್ರಮದಲ್ಲಿ ಕ್ಷಯಿಸಿ ಆದದ್ದೇ. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಎರಡು ಗಡಿಯಾರಗಳು ಒಂದೇ ಹರಳಿನಲ್ಲಿವೆ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು, ಬೇರೆ ಬೇರೆ ತೋರಿಸಿದರೆ ನಡುವೆ ಹರಳು ಬಿಸಿಗೆ ಸಿಕ್ಕು ಸೀಸ ಸೋರಿದೆ ಎಂದು ಪಕ್ಕಕ್ಕಿಡುತ್ತಾರೆ. ಈ ಪರೀಕ್ಷೆ ತನ್ನ ತಪ್ಪನ್ನು ತಾನೇ ಹಿಡಿದುಕೊಡುತ್ತದೆ, ಅದಕ್ಕೇ ಇದಕ್ಕಷ್ಟು ಮರ್ಯಾದೆ.

ಕೆಲಸ ಮಾತ್ರ ಬೆನ್ನು ಮುರಿಯುವಂಥದ್ದು. ಕಿಲೋಗಟ್ಟಲೆ ಮರಳುಗಲ್ಲನ್ನು ಪುಡಿ ಮಾಡಿ, ನೀರಿನಲ್ಲಿ ತೊಳೆದು, ಅಯಸ್ಕಾಂತದಿಂದ ಕಬ್ಬಿಣದ ಖನಿಜ ತೆಗೆದು, ಭಾರದ ದ್ರವದಲ್ಲಿ ಮುಳುಗುವುದನ್ನು ಬೇರ್ಪಡಿಸಿ, ಹಾಗೆ ಮುಳುಗಿದ್ದರಲ್ಲಿ ಸೂಕ್ಷ್ಮದರ್ಶಕದಡಿ ಸೂಜಿಯಿಂದ ಒಂದೊಂದೇ ಹರಳನ್ನು ಆರಿಸಬೇಕು. ಒಂದು ಮಾದರಿಗೆ ನೂರಕ್ಕೂ ಹೆಚ್ಚು ಹರಳು ಬೇಕು. ಅಂಟಿನಲ್ಲಿ ಕೂರಿಸಿ ಅರ್ಧಕ್ಕೆ ಉಜ್ಜಿ ಲೇಸರ್‌ನಿಂದ ಚುಚ್ಚಿ ಹೊರಬಂದ ಆವಿಯನ್ನು ಪರಮಾಣುಗಳನ್ನು ತೂಕದಂತೆ ವಿಂಗಡಿಸುವ ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಕಳಿಸುತ್ತಾರೆ. ಆ ಯಂತ್ರಗಳಿರುವುದು ದೇಶದ ಕೆಲವೇ ಕಡೆ. ಸರದಿಗೆ ತಿಂಗಳುಗಟ್ಟಲೆ ಕಾಯಬೇಕು. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಅದರಲ್ಲಿ ಹೊಲ ಸುತ್ತುವುದಕ್ಕಿಂತ ಯಂತ್ರದ ಸರದಿಗೆ ಕಾಯುವುದೇ ಹೆಚ್ಚೆಂದು ವಿದ್ಯಾರ್ಥಿಗಳು ಗೊಣಗುವುದರಲ್ಲಿ ಹುರುಳಿಲ್ಲದೆ ಇಲ್ಲ.

ನೂರು ಹರಳುಗಳಲ್ಲಿ ಬಹುಪಾಲು 250 ಕೋಟಿ ವರ್ಷದ ಸುತ್ತ ಬಂದರೆ ಮರಳು ಇಲ್ಲಿನದೇ ಗ್ರಾನೈಟು-ನೈಸುಗಳಿಂದ ಬಂತು ಎನ್ನಬಹುದು. ಆದರೆ ಕಲ್ಲಿನ ಕಾಲಕ್ಕೆ ಮುಖ್ಯವಾದದ್ದು ಎಲ್ಲಕ್ಕಿಂತ ಚಿಕ್ಕ ವಯಸ್ಸಿನ ಹರಳು. ಮರಳುಗಲ್ಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಎಷ್ಟು ಹೊಸದು ಎಂದು ಮಾತ್ರ ಅದು ಹೇಳಲಾರದು. 250 ಕೋಟಿ ವರ್ಷದ ಹರಳು ನಿನ್ನೆ ಮೊನ್ನೆಯ ಮಲಪ್ರಭೆಯ ಮರಳಿನಲ್ಲೂ ಇರಬಹುದು.

ಆ ಬದಿಯನ್ನು ಮುಚ್ಚುವುದು ಎರಡನೆಯ ದಾರಿ, ಡೈಕ್. ಭೂಮಿಯೊಳಗಿಂದ ಕಪ್ಪು ಶಿಲಾರಸ ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾಗುತ್ತದೆ. ಅದು ಸೀಳಿದ ಪದರ ಅದಕ್ಕಿಂತ ಮೊದಲೇ ಇರಲೇಬೇಕು. ಬಾಗಲಕೋಟ ಗುಂಪಿನೊಳಗೆ ನುಗ್ಗಿದ, ಮಲ್ಲಾಪುರದ ಹೆಸರಿನ ಇಂಥ ಶಿಲೆಗೆ, ಕಲ್ಲಿನೊಳಗೆ ಕೂಡಿದ ಆರ್ಗಾನ್ ಅನಿಲ ಅಳೆಯುವ ವಿಧಾನದಿಂದ ಸುಮಾರು 115 ಕೋಟಿ ವರ್ಷ ಎಂದು 2018ರಲ್ಲಿ ಪ್ರಕಟವಾಯಿತು. ಅಂದರೆ ಅದು ಸೀಳಿದ ಪದರಗಳು 115 ಕೋಟಿ ವರ್ಷಕ್ಕಿಂತ ಹಳೆಯವು. ಮುಂದಿನ ಪ್ರಶ್ನೆ ಮತ್ತೆ ಹೊಲದ್ದೇ: ಡೈಕ್ ಪದರಗಳ ಜೊತೆ ತಾನೂ ಮಡಚಿದೆಯೋ, ಮಡಿಕೆಯನ್ನು ಅಡ್ಡ ಕತ್ತರಿಸಿದೆಯೋ? ಮಡಚಿದ್ದರೆ ಮಡಿಕೆ ಡೈಕಿಗಿಂತ ಈಚಿನದು, ಕತ್ತರಿಸಿದ್ದರೆ ಆಚಿನದು. ದುಬಾರಿ ಯಂತ್ರ ಕೊಟ್ಟ ಸಂಖ್ಯೆಗೆ ಅರ್ಥ ಬರುವುದು ಬಿಸಿಲಲ್ಲಿ ನಿಂತು ಬರೆದ ಒಂದು ಸಾಲಿನ ಟಿಪ್ಪಣಿಯಿಂದ. ಮಾದರಿ ತಂದ ಜಾಗದ ಚಿತ್ರವನ್ನೇ ಸರಿಯಾಗಿ ಬರೆಯದೆ ದಶಮಾಂಶದವರೆಗೆ ವಯಸ್ಸು ಕೊಡುವ ಪ್ರಬಂಧಗಳನ್ನು ಓದುವಾಗ ಈ ಮಾತು ನೆನಪಾಗುತ್ತದೆ.

ಕಲಾದಗಿ ಒಂಟಿಯಲ್ಲ. ವಿಜಯಪುರ ಜಿಲ್ಲೆಯ ತಾಳಿಕೋಟೆ, ಮುದ್ದೇಬಿಹಾಳದ ಕಡೆ ಕಾಣುವ, ಕಲಬುರಗಿಯತ್ತ ಹಬ್ಬುವ ಭೀಮಾ ಬೇಸಿನ್, ಆಂಧ್ರದ ಕಡಪ, ಮಧ್ಯ ಭಾರತದ ವಿಂಧ್ಯ, ಛತ್ತೀಸಗಡ ಎಲ್ಲ ಒಂದೇ ಬಳಗ. 20ನೆಯ ಶತಮಾನದ ಆರಂಭದಲ್ಲಿ ಟಿ.ಎಚ್. ಹಾಲೆಂಡ್ ಇವಕ್ಕೆ ‘ಪುರಾಣ’ ಎಂಬ ಹೆಸರಿಟ್ಟರು, ಈಗಲೂ ಅದೇ ಚಾಲ್ತಿ. ಇವೆಲ್ಲ ಒಂದೇ ಹೊತ್ತಿಗೆ ತೆರೆದುಕೊಂಡವೇ, ಬೇರೆ ಬೇರೆಯಾಗಿಯೇ ಎಂಬುದು ಖಂಡಗಳು ಕೂಡುವ, ಒಡೆಯುವ ದೊಡ್ಡ ಲೆಕ್ಕಕ್ಕೆ ಬೇಕು.

ಅಷ್ಟು ದೂರ ಹೋಗುವ ಮೊದಲು ನಮ್ಮ ಪಕ್ಕದಲ್ಲೇ ಉಳಿದ ಲೆಕ್ಕವಿದೆ. ಕಲಾದಗಿ ಬೇಸಿನ್ನಿನ ಉತ್ತರದ ಅಂಚು ಯಾರಿಗೂ ಕಾಣುವುದಿಲ್ಲ, ಲಾವಾದಡಿ ಹುದುಗಿದೆ. ಕೊಂಕಣದ ಮಾಲವಣದ ಕಡೆ ಬಸಾಲ್ಟ್ ಸರಿದಲ್ಲಿ ಕಲಾದಗಿಯಂಥದ್ದೇ ಕ್ವಾರ್ಟ್‌ಜೈಟ್ ಇಣುಕುವುದರಿಂದ ಬೇಸಿನ್ ಪಶ್ಚಿಮಕ್ಕೆ ಬಹಳ ದೂರ ಹಬ್ಬಿತ್ತೆಂದು ಊಹಿಸುತ್ತಾರೆ. ಆದರೆ 1967ರ ಭೂಕಂಪದ ಕೊಯ್ನಾದಲ್ಲಿ ಭೂಕಂಪದ ಅಧ್ಯಯನಕ್ಕೆಂದು ಆಳಕ್ಕೆ ಕೊರೆದಾಗ ಬಸಾಲ್ಟ್ ಮುಗಿದ ಕೂಡಲೇ ಸಿಕ್ಕಿದ್ದು ಗ್ರಾನೈಟು-ನೈಸು, ನಡುವೆ ಮರಳುಗಲ್ಲಿನ ಒಂದು ಪದರವೂ ಇರಲಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವೂ ಇದೇ ಲಾವಾ ಸೀಮೆಯಲ್ಲಿ ಆದದ್ದು. ಹೊದಿಕೆಯಡಿಯ ಹಳೆಯ ಬಿರುಕುಗಳು ಎಲ್ಲಿವೆ ಎಂಬುದು ಬರೀ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಕೊರೆಯದೆ ತಿಳಿಯುವ ಉಪಾಯ ಗುರುತ್ವದ ಅಳತೆ. ಬಸಾಲ್ಟಿಗಿಂತ ಮರಳುಗಲ್ಲು, ಕ್ವಾರ್ಟ್‌ಜೈಟ್ ಹಗುರ. ಬೇಸಿನ್ ಕೆಳಗಿರುವಲ್ಲಿ ಸೂಕ್ಷ್ಮ ಉಪಕರಣ ಗುರುತ್ವವನ್ನು ತುಸು ಕಡಿಮೆ ತೋರಿಸಬಹುದು. ಮುಧೋಳ, ಜಮಖಂಡಿಯಿಂದ ಉತ್ತರಕ್ಕೆ, ಕೃಷ್ಣೆ ದಾಟಿ ವಿಜಯಪುರದ ಕಡೆಗೆ ಕಿಲೋಮೀಟರಿಗೊಂದರಂತೆ ಅಳೆಯುತ್ತ ಹೋದರೆ ಓರೆ ಪದರಗಳು ಎರೆ ಭೂಮಿಯಡಿ ಎಲ್ಲಿಯವರೆಗೆ ಹೋಗಿವೆ ಎಂದು ಗೆರೆ ಎಳೆಯಬಹುದು.